ಬಿಳಿ ಅಂಚಿನಾಚೆ ಎಳೆದ ಗೆರೆ

ಹೋದ ವಾರ ನಮ್ಮ ಕ್ಲಿನಿಕ್‌ನ ಹಳೇ ಸ್ಕ್ಯಾನಿಂಗ್ ಮೆಷಿನ್ ಸಾಗಹಾಕಿದೆವು. ಅದರ ಮೇಜಿನ ಡ್ರಾಯರ್ ಖಾಲಿ ಮಾಡುತ್ತಿದ್ದಾಗ ಹಿಂದಿನ ಮೂಲೆಯಲ್ಲಿ ಎಣ್ಣೆ ಕಾಗದದ ಒಂದು ಪೊಟ್ಟಣ ಕೈಗೆ ತಗುಲಿತು. ಬಿಚ್ಚೋದೇನೂ ಬೇಕಾಗಲಿಲ್ಲ, ವಾಸನೆಯೇ ಸಾಕಾಯಿತು. ಉಕ್ಕಿಗೆ ತುಕ್ಕು ಹಿಡಿಯದಿರಲಿ ಅಂತ ಸವರುವ ಗ್ರೀಸಿನ ವಾಸನೆ. ಪೀಣ್ಯದಲ್ಲಿ ಇದು ಎಲ್ಲ ಕಡೆ ಇದೆ, ಬಸ್ಸಲ್ಲಿ ಪಕ್ಕ ಕೂತವರ ಶರ್ಟಲ್ಲೂ ಇರುತ್ತೆ, ನನಗೇನೂ ಹೊಸದಲ್ಲ. ಆದರೆ ಈ ಪೊಟ್ಟಣ ಹನುಮಂತರಾಯಪ್ಪನವರು ಕೊಟ್ಟದ್ದು. ನಾನು ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟೆ. ಮೆಷಿನ್ ಒಯ್ಯಲು ಬಂದವರು "ಮೇಡಂ, ಸ್ವಲ್ಪ ಜರುಗ್ತೀರಾ" ಅಂತ ಎರಡು ಸಲ ಕೇಳಬೇಕಾಯಿತು.

ನಾನು ಡಾಕ್ಟರಲ್ಲ. ಕಣ್ಣಿನ ಒಳಗಿನ ಚಿತ್ರ ತೆಗೆಯುವವಳು, ಅಷ್ಟೇ. ಹುಟ್ಟೂರು ದಾವಣಗೆರೆ ಕಡೆ, ಮದುವೆಯಾದ ಮೇಲೆ ಜಾಲಹಳ್ಳಿ. ಕ್ಲಿನಿಕ್ ಇರೋದು ಪೀಣ್ಯ ಎರಡನೇ ಹಂತದಲ್ಲಿ, ಬೇರಿಂಗ್ ಅಂಗಡಿಯ ಮೇಲಿನ ಎರಡನೇ ಮಹಡಿ. ಎದುರು ಶೆಡ್ಡಿನಲ್ಲಿ ತಗಡು ಒತ್ತಿ ಕತ್ತರಿಸುವ ಒಂದು ಪವರ್ ಪ್ರೆಸ್ ಇದೆ. ಅದು ಪ್ರತಿ ಸಲ ಧಡ್ ಅಂದಾಗಲೂ ನಮ್ಮ ನೆಲ ಅದುರುತ್ತೆ, ಗಲ್ಲ ಊರಿ ಕೂತವರ ಕಣ್ಣು ಅದುರುತ್ತೆ, ಚಿತ್ರ ಕದಡುತ್ತೆ. ಹಾಗಾಗಿ ಪ್ರೆಸ್ಸಿನವರು ಊಟಕ್ಕೆ ನಿಲ್ಲಿಸುವ ಅರ್ಧ ಗಂಟೆ, ಟೀಗೆ ನಿಲ್ಲಿಸುವ ಹತ್ತು ನಿಮಿಷ, ಇಷ್ಟೇ ನಮಗೆ ಸ್ಕ್ಯಾನಿಂಗ್ ಟೈಮು. ಆ ಹೊತ್ತಿಗೆ ಎಲ್ಲರಿಗೂ ಕಣ್ಣಿಗೆ ಡ್ರಾಪ್ಸ್ ಹಾಕಿ ಬೆಂಚಿನ ಮೇಲೆ ಸಾಲಾಗಿ ಕೂರಿಸಿರುತ್ತಿದ್ದೆ. ನನ್ನ ಊಟ ಏನಿದ್ದರೂ ಪ್ರೆಸ್ ಮತ್ತೆ ಶುರುವಾದ ಮೇಲೆ.

ನಾನು ಹೇಳಹೊರಟಿರೋದು ಆ ಮೆಷಿನ್ ಬಂದ ವರ್ಷದ ಮಾತು. ಏಳು ವರ್ಷವಾಯಿತು. ಅಲ್ಲಿಯವರೆಗೆ ನಾನು ಕನ್ನಡಕದ ನಂಬರ್ ನೋಡುತ್ತಿದ್ದವಳು. ಡಾಕ್ಟರ್ ಶೈಲಜಾ, ಕ್ಲಿನಿಕ್ ಅವರದೇ, ಒಂದು ದಿನ ಬಂದು "ಗಿರಿಜಾ, ಇನ್ಮೇಲೆ ನೀನೇ ಇದನ್ನ ನಡೆಸಬೇಕು" ಅಂದರು. ಕಂಪನಿಯವನೊಬ್ಬ ಎರಡು ದಿನ ಬಂದು ಕಲಿಸಿಹೋದ. ಕಣ್ಣಿನ ಹಿಂಗೋಡೆಯಲ್ಲಿ ನರ ಮಿದುಳಿನ ಕಡೆ ಹೊರಡುವ ಒಂದು ಗುಂಡಗಿನ ಜಾಗವಿದೆ. ಅದರ ನಡುವೆ ಒಂದು ಸಣ್ಣ ಗುಳಿ, ಸುತ್ತ ನರದ ಎಳೆಗಳ ದಪ್ಪ ಅಂಚು. ಗ್ಲಾಕೋಮಾ ಬಂದರೆ ಎಳೆಗಳು ಸಾಯುತ್ತಾ ಹೋಗಿ ಗುಳಿ ಅಗಲವಾಗುತ್ತೆ, ಅಂಚು ತೆಳುವಾಗುತ್ತೆ. ನೋವಿಲ್ಲ, ಕೆಂಪಿಲ್ಲ, ಏನೂ ಇಲ್ಲ. ಹೋದದ್ದು ವಾಪಸ್ ಬರೋದೂ ಇಲ್ಲ. ಮೆಷಿನ್ ಆ ಗುಂಡಗಿನ ಸುತ್ತ ಗೆರೆ ಹಾಕಿ, ಆ ಗೆರೆಯಿಂದ ಎಲ್ಲವನ್ನೂ ಅಳೆದು, ಸರಿಯಿದ್ದರೆ ಹಸಿರು, ಕೆಟ್ಟಿದ್ದರೆ ಕೆಂಪು ಅಂತ ಕಾಗದದ ಮೇಲೆ ಕೊಡುತ್ತೆ.

"ಗೆರೆ ಅದೇ ಹಾಕ್ಕೊಳ್ಳುತ್ತೆ ಮೇಡಂ. ಆದ್ರೆ ಮೈನಸ್ ನಂಬರ್ ಜಾಸ್ತಿ ಇರೋರಲ್ಲಿ ಕೆಲವು ಸಲ ತಪ್ಪುತ್ತೆ. ಆವಾಗ ಮೌಸಲ್ಲಿ ಹಿಡಿದು ನೀವೇ ಸರಿ ಮಾಡ್ಬೇಕು," ಅಂದಿದ್ದ ಕಂಪನಿಯವನು. ಆ ಮಾತು ನನ್ನ ತಲೆಗೆ ಏರಿಬಿಟ್ಟಿತು. ಅಷ್ಟು ದೊಡ್ಡ ಮೆಷಿನ್ ತಪ್ಪಿದ್ದನ್ನು ನಾನು ಸರಿಮಾಡಬಹುದು ಅಂದರೆ ಯಾರಿಗೆ ಜಂಬ ಬರೋಲ್ಲ ಹೇಳಿ. ನನಗಂತೂ ಬಂತು.

ಜೂನ್ ತಿಂಗಳು, ಮಳೆ ಆಗಷ್ಟೇ ಹಿಡಿದುಕೊಂಡಿತ್ತು. ಫ್ಲೈಓವರ್ ಕೆಳಗೆ ಮೊಳಕಾಲುದ್ದ ನೀರು, ಲಾರಿಗಳು ಸಾಲುಗಟ್ಟಿ ನಿಂತು ನಾನು ದಿನಾ ತಡವಾಗಿ ಬರುತ್ತಿದ್ದೆ. ಅದೇ ವಾರ ಸುತ್ತಲಿನ ವರ್ಕ್‌ಶಾಪುಗಳವರಿಗೆ ಕಣ್ಣಿನ ತಪಾಸಣೆ ಶಿಬಿರ. ಒದ್ದೆ ಛತ್ರಿಗಳು, ಕೆಸರು ಬೂಟುಗಳು, ಕಾಲಿಡಲು ಜಾಗವಿಲ್ಲ. ಹನುಮಂತರಾಯಪ್ಪನವರು ಆ ಗುಂಪಿನಲ್ಲಿ ಬಂದವರು. ಐವತ್ತನಾಲ್ಕು ವರ್ಷ, ದಪ್ಪ ಸೋಡಾ ಗ್ಲಾಸಿನ ಕನ್ನಡಕ, ಇಸ್ತ್ರಿ ಹಾಕಿದ ಖಾಕಿ ಅಂಗಿ.

ಅವರು ಪಕ್ಕದ ಚೊಕ್ಕಸಂದ್ರದವರು, ಅಲ್ಲೇ ಹುಟ್ಟಿ ಬೆಳೆದವರು. ಅವರಪ್ಪ ರಾಗಿ ಬೆಳೆಯುತ್ತಿದ್ದ ನೆಲದಲ್ಲಿ ಈಗ ಅವರ ಮೂರಂತಸ್ತಿನ ಬಾಡಿಗೆ ಮನೆಗಳಿವೆ. ಮನೇಲಿ ಕೂತು ತಿನ್ನಬಹುದಿತ್ತು. ಆದರೂ ಮೂವತ್ತು ವರ್ಷದಿಂದ ಬುತ್ತಿ ಹಿಡಿದುಕೊಂಡು ಒಂದು ಗೇಜ್ ವರ್ಕ್‌ಶಾಪಿಗೆ ಹೋಗುತ್ತಿದ್ದರು. ಬೇರೆ ಕಾರ್ಖಾನೆಗಳು ತಮ್ಮ ಶಾಫ್ಟು ಸರಿಯಿದೆಯೋ ಇಲ್ಲವೋ ನೋಡಿಕೊಳ್ಳುವ ಉಕ್ಕಿನ ಉಂಗುರಗಳನ್ನು ಮಾಡುವ ಜಾಗ ಅದು. ಅಲ್ಲಿ ಕಡೆಯ ಮೇಜು ಇವರದು. ಇವರು ಅಳೆದು ಮುದ್ರೆ ಒತ್ತದೆ ಒಂದು ಉಂಗುರವೂ ಗೇಟು ದಾಟುತ್ತಿರಲಿಲ್ಲ.

"ಇದು ಎಷ್ಟ್ ಸಣ್ಣದ್ ಅಳೀತದೆ?" ಅಂತ ಗಲ್ಲ ಊರುವ ಮುಂಚೆ ಕೇಳಿದರು.

"ಮೈಕ್ರಾನ್ ಲೆಕ್ಕ ಸಾರ್. ಒಂದು ಮಿಲಿಮೀಟರ್‌ನ ಸಾವಿರ ಭಾಗ ಮಾಡಿದ್ರೆ..."

"ಗೊತ್ತು ಕಣವ್ವ, ನಂದೂ ಅದೇ ಕೆಲ್ಸ," ಅಂದರು. ಆಮೇಲೆ ಬೆನ್ನು ನೇರ ಮಾಡಿ ಕೂತರು. "ಯಾವ್ದುನ್ನ ಡೇಟಮ್ ಇಟ್ಕತೀರಿ? ಅಳತೆ ಎಲ್ಲಿಂದ ಶುರು ಮಾಡ್ತೀರಿ ಅಂತ."

"ನರದ ಅಂಚಿಂದ ಸಾರ್."

"ಅದು ಗಟ್ಟಿ ಇದ್ರೆ ಮಿಕ್ಕಿದ್ದೆಲ್ಲ ಗಟ್ಟಿ," ಅಂದು ಉಸಿರು ಹಿಡಿದು ಕೂತರು. ಪ್ರೆಸ್ ನಿಂತಿತ್ತು. ಆ ಶಿಬಿರದಲ್ಲಿ ಅವರಷ್ಟು ಅಲುಗಾಡದೆ ಕೂತವರು ಮತ್ತೊಬ್ಬರಿಲ್ಲ. ಚಿತ್ರ ಅಚ್ಚುಕಟ್ಟಾಗಿ ಬಂತು.

ಮೈನಸ್ ನಂಬರ್ ಜಾಸ್ತಿಯಿರುವ ಕಣ್ಣುಗಳಲ್ಲಿ ನರದ ಪಕ್ಕಕ್ಕೆ ಒಂದು ಬಿಳಿ ಅಂಚು ಇರುತ್ತೆ, ಉಗುರು ಕತ್ತರಿಸಿದ ಚೂರಿನ ಹಾಗೆ. ಅದು ನರವಲ್ಲ, ಪಕ್ಕದ ಪದರ ಸವೆದು ಕಾಣುವ ಬಿಳುಪು. ನರ ಅದರ ಒಳಗಡೆಗೇ ಮುಗಿದಿರುತ್ತೆ. ಹನುಮಂತರಾಯಪ್ಪನವರ ಎರಡೂ ಕಣ್ಣಲ್ಲಿ ಈ ಬಿಳುಪಿತ್ತು. ಮೆಷಿನ್ ಗೆರೆಯನ್ನು ಅದರ ಒಳಗಡೆಗೆ, ಸರಿಯಾದ ಜಾಗದಲ್ಲೇ, ಹಾಕಿತ್ತು. ನಾನು ನೋಡಿದೆ. ಬಿಳುಪೆಲ್ಲ ಹೊರಗುಳಿದಿದೆ, ಮೆಷಿನ್ ತಪ್ಪಿದೆ ಅಂದುಕೊಂಡೆ. ಮೌಸಲ್ಲಿ ಹಿಡಿದು ಗೆರೆಯನ್ನು ಬಿಳಿ ಅಂಚಿನಾಚೆಗೆ ಎಳೆದೆ. ಬಿಳುಪೆಲ್ಲ ನರದ ಲೆಕ್ಕಕ್ಕೆ ಬಂತು, ಅಂಚು ದಪ್ಪ ಅಂತಾಯಿತು, ರಿಪೋರ್ಟ್ ಹಸಿರಾಯಿತು. ನನಗೆ ಖುಷಿಯಾಯಿತು. ಈಗ ಬರೆಯುವಾಗ ಆ ಖುಷಿ ನೆನಪಾದರೇ ಮೈ ಉರಿಯುತ್ತೆ.

ಗ್ಲಾಕೋಮಾದಲ್ಲಿ ಸಾಮಾನ್ಯವಾಗಿ ಏರುವ ಕಣ್ಣಿನ ಒತ್ತಡವೂ ಸರಿಯಿತ್ತು. ಹೊರಗೆ ಮೂವತ್ತು ಜನ ಕಾಯುತ್ತಿದ್ದರು. ಡಾಕ್ಟರ್ ಹಸಿರು ಕಾಗದ ನೋಡಿ ಸಹಿ ಹಾಕಿದರು. "ಪಾಸಾ?" ಅಂತ ಕೇಳಿದರು ಹನುಮಂತರಾಯಪ್ಪ. "ಪಾಸು ಸಾರ್," ಅಂದೆ ನಾನು.

ಅವರು ಮತ್ತೆ ಬಂದದ್ದು ನವೆಂಬರಿನಲ್ಲಿ. ಸೈಕ್ಲೋನಿನ ಜಿಟಿಜಿಟಿ ಮಳೆ, ಮೂರು ದಿನದಿಂದ ಬಿಸಿಲಿಲ್ಲ. ಹಣೆಯ ಮೇಲೆ ಬ್ಯಾಂಡೇಜ್ ಇತ್ತು. ವರ್ಕ್‌ಶಾಪಿನಲ್ಲಿ ತಲೆಯೆತ್ತರಕ್ಕೆ ಒಂದು ಪೈಪು ಹಾದುಹೋಗುತ್ತಂತೆ, ಮೂವತ್ತು ವರ್ಷದಿಂದ ಬಗ್ಗಿ ದಾಟುತ್ತಿದ್ದ ಪೈಪು. "ಕಾಣಲೇ ಇಲ್ಲ ಕಣವ್ವ," ಅಂದರು. ಅವತ್ತು ಕರೆಂಟು ಬಂದು ಹೋಗಿ ಮಾಡುತ್ತಿತ್ತು, ಯುಪಿಎಸ್ ಕೂಗಿಕೊಳ್ಳುತ್ತಿತ್ತು. ನಾನು ಅವಸರದಲ್ಲಿ ಸ್ಕ್ಯಾನ್ ಮಾಡಿ, ಗೆರೆ ಮುಟ್ಟದೆ, ಮೆಷಿನ್ ಹಾಕಿದ್ದನ್ನೇ ಪ್ರಿಂಟ್ ಕೊಟ್ಟೆ. ಎಡಗಣ್ಣಿನ ಕೆಳಭಾಗ ಪೂರಾ ಕೆಂಪು. ಬಲಗಣ್ಣಲ್ಲೂ ಒಂದು ತುಂಡು ಕೆಂಪು.

ಡಾಕ್ಟರ್ ಎರಡೂ ಕಾಗದ ಪಕ್ಕಪಕ್ಕ ಇಟ್ಟು ನೋಡಿದರು. ಅವರ ಮುಖ ಸಣ್ಣಗಾಯಿತು. "ನೋಡಿ, ನರದ ಕೆಳಭಾಗ ಹೋದ್ರೆ ಮೇಲ್ಗಡೆ ನೋಟ ಹೋಗುತ್ತೆ. ಐದೇ ತಿಂಗಳಲ್ಲಿ ಇಷ್ಟು ಇಳಿದಿದೆ ಅಂದ್ರೆ ಡ್ರಾಪ್ಸ್ ಹಾಕ್ಕೊಂಡು ಕಾಯೋ ಹಾಗಿಲ್ಲ," ಅಂದರು. ಎಡಗಣ್ಣಿಗೆ ಆಪರೇಷನ್ ಆಗಬೇಕು, ಅದರಲ್ಲೂ ಅಪಾಯ ಇಲ್ಲದಿಲ್ಲ, ಇರೋ ದೃಷ್ಟಿಯೂ ಮಂಜಾಗಬಹುದು ಅಂತ ಬಿಡಿಸಿ ಹೇಳಿದರು. ಊರೊಳಗಿನ ದೊಡ್ಡ ಆಸ್ಪತ್ರೆಗೆ ಪತ್ರ ಬರೆದು, ಫೋನ್ ಮಾಡಿ ಮುಂದಿನ ವಾರಕ್ಕೆ ದಿನವನ್ನೂ ಗೊತ್ತುಮಾಡಿದರು.

ಹನುಮಂತರಾಯಪ್ಪ ಹೊರಗೆ ಬಂದು ನನ್ನ ಮೇಜಿನ ಹತ್ತಿರ ನಿಂತು, ಎರಡೂ ಕಾಗದ ಒಂದರ ಮೇಲೊಂದು ಇಟ್ಟು, ಮೂಲೆ ಮೂಲೆ ಸೇರಿಸಿ ಕಿಟಕಿಗೆ ಹಿಡಿದರು. ಡ್ರಾಯಿಂಗ್ ತಾಳೆ ನೋಡುವ ರೀತಿ ಅದು. ತುಂಬ ಹೊತ್ತು ನೋಡಿದರು.

"ರಕ್ತನಾಳ ಒಂದರ ಮೇಲೊಂದು ಕೂತವೆ. ಸುತ್ತು ಮಾತ್ರ ಕೂತಿಲ್ಲವಲ್ಲ. ಅವತ್ತಿನ ಗೆರೆ ದೊಡ್ಡದು, ಇವತ್ತಿಂದು ಸಣ್ಣದು. ಎಲ್ಡೂ ಕಿತ ಒಂದೇ ಡೇಟಮಿಂದ ಅಳೆದ್ರಾ?"

ನನಗೆ ಆ ಕ್ಷಣವೇ ಗೊತ್ತಾಯಿತು. ಆದರೂ ನನ್ನ ಬಾಯಿ ಹೇಳಿದ್ದೇನು ಗೊತ್ತಾ? "ಅದು ಸ್ವಲ್ಪ ಹಂಗೇ ಬರುತ್ತೆ ಸಾರ್. ಮೆಷಿನ್ ನೋಡ್ಕೊಳ್ಳುತ್ತೆ."

"ಅಂಗಾ," ಅಂದರು. ಕಾಗದ ಮಡಿಸಿ ಜೇಬಿಗಿಟ್ಟುಕೊಂಡು, ಮೆಟ್ಟಿಲಿನ ಕಂಬಿ ಹಿಡಿದು ನಿಧಾನ ಇಳಿದು ಹೋದರು.

ಮರುದಿನ ಯಾರೂ ಬರುವ ಮುಂಚೆ ಬಂದು ಬಾಗಿಲು ತೆಗೆದೆ. ಜೂನ್ ತಿಂಗಳ ಅವರ ಚಿತ್ರ ಮೆಷಿನ್ನಿನಲ್ಲೇ ಇತ್ತು. ಗೆರೆ ಹಿಡಿದು ಬಿಳುಪಿನ ಒಳಗಡೆಗೆ, ಇರಬೇಕಾದ ಜಾಗಕ್ಕೆ ತಂದೆ. ಒಂದು ಗಳಿಗೆ ತಡೆದು ಲೆಕ್ಕ ಬದಲಾಯಿತು. ಹಸಿರಿದ್ದದ್ದು ಕೆಂಪಾಯಿತು. ಜೂನಿನಲ್ಲೇ ಕೆಂಪು. ಐದು ತಿಂಗಳಲ್ಲಿ ಓಡಿಬಂದ ಕಾಯಿಲೆಯಲ್ಲ ಅದು, ಎಷ್ಟೋ ವರ್ಷದಿಂದ ಮೆಲ್ಲಗೆ ನಡೆದು ಬಂದಿತ್ತು. ಶಿಬಿರದ ದಿನ ಡಾಕ್ಟರ ಕಣ್ಣಿಗೆ ಬೀಳಬೇಕಾಗಿದ್ದನ್ನು ನಾನು ಮುಚ್ಚಿ ಕಳಿಸಿದ್ದೆ.

ಬಾಯಿ ಮುಚ್ಚಿಕೊಂಡಿದ್ದರೆ ಅವಸರದಲ್ಲಿ ಬೇಡದ ಚಾಕು ಅವರ ಕಣ್ಣಿಗೆ ಬೀಳುತ್ತಿತ್ತು. ಬಾಯಿ ಬಿಟ್ಟರೆ, ಐದು ತಿಂಗಳು ಔಷಧಿಯಿಲ್ಲದೆ ಅವರ ನರ ಸಾಯಲು ಬಿಟ್ಟವಳು ನಾನು ಅಂತಾಗುತ್ತಿತ್ತು. ನಾನು ಧೈರ್ಯವಂತೆ ಅಂತ ಯಾರೂ ತಿಳಿಯಬೇಡಿ. ಎರಡನೆಯದನ್ನು ಹೇಳದಿರಲು ದಾರಿ ಇದೆಯಾ ಅಂತ ಅರ್ಧ ಗಂಟೆ ಹುಡುಕಿದೆ. ಚಿತ್ರ ಅಳಿಸಿಬಿಡಬಹುದಿತ್ತು, ಆ ಬಟನ್ ಮೇಲೆ ಮೌಸ್ ಇಟ್ಟದ್ದೂ ಉಂಟು. ಅಷ್ಟರಲ್ಲಿ ಎದುರಿನ ಪ್ರೆಸ್ ಶುರುವಾಯಿತು, ಮೇಜು ಅದುರಿತು, ನಾನು ಕೈ ತೆಗೆದೆ. ಡಾಕ್ಟರ್ ಬಂದ ಕೂಡಲೇ ಕರೆದು ತೋರಿಸಿದೆ.

ಅವರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಪರದೆ ನೋಡುತ್ತಾ ನಿಂತವರು ಕೊನೆಗೆ "ಸಹಿ ನಂದು ಗಿರಿಜಾ. ನಾನೂ ಚಿತ್ರ ನೋಡ್ಲಿಲ್ಲ, ಬಣ್ಣ ನೋಡ್ದೆ," ಅಂದರು. ತಾವೇ ಆಸ್ಪತ್ರೆಗೆ ಫೋನ್ ಮಾಡಿ ಆಪರೇಷನ್ ಮುಂದಕ್ಕೆ ಹಾಕಿಸಿದರು. ಹನುಮಂತರಾಯಪ್ಪನವರಿಗೆ ಮಾತ್ರ ನಾನೇ ಹೇಳಬೇಕು ಅಂದರು.

ಫೋನ್ ಮಾಡಿ ಕರೆದೆ. ಮಧ್ಯಾಹ್ನದ ಊಟದ ಹೊತ್ತಿಗೆ ಅವರು ಬಂದರು, ಬುತ್ತಿ ಕೈಯಲ್ಲೇ ಇತ್ತು. ಕೂತ್ಕೊಳ್ಳಿ ಅಂದರೂ ಕೂರಲಿಲ್ಲ. ನಾನು ಪರದೆಯ ಮೇಲೆ ಎರಡು ಗೆರೆಯನ್ನೂ ತೋರಿಸಿದೆ. "ಇದು ನಾನು ಎಳೆದದ್ದು ಸಾರ್. ತಪ್ಪು ಎಳೆದೆ. ನಿನ್ನೆ ನೀವು ಕೇಳಿದಾಗ ಸುಳ್ಳೂ ಹೇಳಿದೆ."

ಅವರು ಬಗ್ಗಿ ನೋಡಿದರು. "ಸರಿಯಾದ್ ಗೆರೆಯಿಂದ ಅಳೆದ್ರೆ ಜೂನಿಗೂ ಈಗಕ್ಕೂ ಎಡಗಣ್ಣಲ್ಲಿ ಎಷ್ಟ್ ಹೋಗ್ಯದೆ?"

"ಒಂಬತ್ತು ಮೈಕ್ರಾನ್ ಸಾರ್. ಅದರಲ್ಲಿ ಸ್ವಲ್ಪ ಮೆಷಿನ್ನಿನ ಅಲುಗಾಟ ಇರಬಹುದು ಅಂತಾರೆ ಡಾಕ್ಟರು."

ಬೇರೆ ಯಾರಿಗಾದರೂ ಒಂಬತ್ತು ಮೈಕ್ರಾನ್ ಅಂದರೆ ಏನೂ ಅಲ್ಲ, ಸಮಾಧಾನದ ಮಾತಾಗುತ್ತಿತ್ತು. ಇವರು ಹೆಬ್ಬೆರಳು ತೋರುಬೆರಳು ಸೇರಿಸಿ, ನಡುವೆ ಏನೋ ಇದೆಯೆಂಬಂತೆ ಮೆಲ್ಲಗೆ ಉಜ್ಜಿದರು. ಒಂಬತ್ತು ಎಷ್ಟು ಅಂತ ಆ ಬೆರಳಿಗೆ ಗೊತ್ತಿತ್ತು. "ನಮ್ಮಲ್ಲಿ ಎಲ್ಡು ಹೋದ್ರೆ ರಿಜೆಕ್ಟು ಕಣವ್ವ," ಅಂದರು. ಕಣ್ಣಲ್ಲಿ ನೀರು ಬಂದದ್ದು ನನಗೆ. ಅವರದು ಒಣಗಿಯೇ ಇತ್ತು.

ಕ್ಷಮಿಸಿದೆ ಅಂತ ಅವರು ಹೇಳಲಿಲ್ಲ, ಅವತ್ತೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ. ಕೇಳಿದ್ದು ಇಷ್ಟು: "ನನ್ನಂಗೆ ಇನ್ನೆಷ್ಟ್ ಜನುಕ್ಕೆ ಇಂಗೆ ಎಳ್ದಿದೀರಿ?"

ನಾನು ಅದನ್ನು ಯೋಚಿಸಿರಲೇ ಇಲ್ಲ.

"ನಮ್ಮಲ್ಲಿ ಒಂದು ಪೀಸ್ ತಪ್ಪು ಪಾಸ್ ಆಯ್ತು ಅಂದ್ರೆ ಆ ಲಾಟ್ ಪೂರ್ತಿ ವಾಪಸ್ ಕರುಸ್ತೀವಿ. ಲಾರಿ ಹತ್ತಿದ್ರೂ ಸರಿ, ಹೊಸೂರ್ ದಾಟಿದ್ರೂ ಸರಿ. ಒಂದೊಂದೂ ತಿರ್ಗಾ ಅಳೀಬೇಕು. ಅದ್ ಮಾಡಿ ಮೊದ್ಲು," ಅಂದು ಬುತ್ತಿ ಹಿಡಿದು ಹೊರಟರು.

ಮಾಡಿದೆವು. ಜೂನಿನಿಂದ ನಾನು ಮೌಸ್ ಮುಟ್ಟಿದ ಒಂದೊಂದು ಫೈಲೂ ತೆಗೆದೆ. ಡಾಕ್ಟರ್ ಪಕ್ಕದಲ್ಲಿ ಕೂತು ಗೆರೆ ಸರಿಮಾಡಿಸಿದರು. ಇನ್ನಿಬ್ಬರದು ಕೆಂಪಾಯಿತು. ಒಬ್ಬರು ಟಿ. ದಾಸರಹಳ್ಳಿಯ ಆಟೋ ಡ್ರೈವರ್, ಅದೇ ದಿನ ಬಂದರು, ಔಷಧಿ ಶುರುವಾಯಿತು. ಇನ್ನೊಬ್ಬಾಕೆ ಗಾರ್ಮೆಂಟ್ಸಿನಲ್ಲಿ ಹೊಲಿಯುತ್ತಿದ್ದ ಹೆಂಗಸು. ಕೊಟ್ಟಿದ್ದ ನಂಬರ್ ಚಾಲ್ತಿಯಲ್ಲಿರಲಿಲ್ಲ. ಫ್ಯಾಕ್ಟರಿ ಗೇಟಿಗೆ ಹೋದೆ, ಕೆಲಸ ಬಿಟ್ಟಿದ್ದಾಳೆ ಅಂದರು. ಬಾಡಿಗೆ ಮನೆಗೆ ಹೋದೆ, ಬೇರೆಯವರಿದ್ದರು. ಊರು ಯಾವುದು ಅಂತ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಡಿಸೆಂಬರ್ ಪೂರ್ತಿ ಭಾನುವಾರಗಳಲ್ಲಿ ತಿರುಗಿದೆ. ಅವಳು ಸಿಗಲಿಲ್ಲ.

ಹನುಮಂತರಾಯಪ್ಪನವರು ಡ್ರಾಪ್ಸ್ ಹಾಕಿಕೊಳ್ಳುತ್ತಾ ನಮ್ಮಲ್ಲಿಗೇ ಬರುತ್ತಿದ್ದರು. ಬೇರೆ ಕಡೆ ಹೋಗಬಹುದಿತ್ತು, ಹೋಗಲಿಲ್ಲ. ಯಾಕೆ ಅಂತ ಕೇಳುವ ಧೈರ್ಯ ನನಗಾಗಲಿಲ್ಲ. ಸಿಗದೆ ಹೋದ ಆ ಹೆಂಗಸಿನ ವಿಷಯ ನಾನೇ ಅವರಿಗೆ ಹೇಳಿದ್ದೆ. ಪ್ರತಿ ಸಲ ಮೊದಲ ಮಾತು ಒಂದೇ, "ಆ ಯಮ್ಮ ಸಿಕ್ಕುದ್ಲಾ?" ನಾನು ಇಲ್ಲ ಅಂತಿದ್ದೆ. ಆಮೇಲೆ ಗಲ್ಲ ಊರುತ್ತಿದ್ದರು.

ಮುಂದಿನ ಯುಗಾದಿಯ ಹೊತ್ತಿಗೆ ಅವರು ಕೆಲಸ ಬಿಟ್ಟರು. ಯಾರೂ ಬಿಡಿಸಿದ್ದಲ್ಲ. ಬಿಟ್ಟ ದಿನ ನೇರ ಕ್ಲಿನಿಕ್‌ಗೆ ಬಂದು ಎಣ್ಣೆ ಕಾಗದದ ಪೊಟ್ಟಣ ನನ್ನ ಮೇಜಿನ ಮೇಲಿಟ್ಟರು. ಒಳಗೆ ಒಂದು ಉಕ್ಕಿನ ಉಂಗುರ, ಬಳೆಗಿಂತ ಸಣ್ಣದು, ಹೊರಮೈಗೆ ಕೆಂಪು ಪೇಂಟ್.

"ಕೆಂಪು ಬಳುದ್ರೆ ರಿಜೆಕ್ಟು ಅಂತ. ಇದು ನಾನೇ ಪಾಸ್ ಮಾಡಿದ್ದು, ಕೆಲ್ಸಕ್ಕೆ ಸೇರಿದ್ ಎರಡನೇ ವರ್ಷ. ವಾಪಸ್ ಬಂತು. ನಮ್ ಯಜಮಾನ್ರು ಎಸೀಬೇಡ, ಮೇಜಿನ ಮೇಲಿಟ್ಕೊ ಅಂದ್ರು. ಇನ್ ನಂಗೆ ಮೇಜಿಲ್ಲ."

"ಇನ್ನೂ ಕಾಣುತ್ತಲ್ಲ ಸಾರ್ ನಿಮಗೆ. ಯಾಕೆ ಬಿಟ್ರಿ?"

"ಕಾಣ್ತದೆ. ಕಂಡಿದ್ದೇ ಪೂರ್ತಿನಾ, ಇನ್ನೇನಾದ್ರೂ ಉಳ್ದದಾ ಅನ್ನೋದ್ ಗೊತ್ತಾಗಾಕಿಲ್ಲ. ಅಂಗಿರುವಾಗ ಮುದ್ರೆ ಒತ್ಬಾರ್ದು," ಅಂದರು.

ಅದೇ ಉಂಗುರ ಹೋದ ವಾರ ಡ್ರಾಯರಿನಲ್ಲಿ ಸಿಕ್ಕಿದ್ದು. ಮೊದಲೆರಡು ವರ್ಷ ಮೇಜಿನ ಮೇಲೇ ಇಟ್ಟಿದ್ದೆ. ಆಮೇಲೆ ಯಾವಾಗ ಒಳಗೆ ಸೇರಿಸಿದೆನೋ ನೆನಪಿಲ್ಲ. ನೆನಪಿಲ್ಲ ಅನ್ನೋದೇ ನನಗೆ ನಾಚಿಕೆಯ ವಿಷಯ. ತೆಗೆದು ಒರೆಸಿ ಹೊಸ ಮೆಷಿನ್ನಿನ ಪಕ್ಕ ಇಟ್ಟೆ.

ಮೊನ್ನೆ ಗುರುವಾರ ಹನುಮಂತರಾಯಪ್ಪ ತಪಾಸಣೆಗೆ ಬಂದರು, ಸೊಸೆ ಕೈ ಹಿಡಿದುಕೊಂಡು ಬಂದಳು. ಕಾಯಿಲೆ ನಿಧಾನವಾಗಿದೆ, ನಿಂತಿಲ್ಲ. ಎರಡೂ ಕಣ್ಣಿನ ಮೇಲ್ಭಾಗದ ನೋಟ ಈಗ ಹೋಗಿದೆ. ಎದುರಿನ ಪ್ರೆಸ್ ನಿಲ್ಲುವವರೆಗೆ ಬೆಂಚಿನ ಮೇಲೆ ಕಾದರು. ಒಳಗೆ ಬಂದವರೇ ಕೇಳಿದರು, "ಆ ಯಮ್ಮ?"

"ಇಲ್ಲ ಸಾರ್."

"ಮೆಷಿನ್ ಹೊಸದಾ? ಹಳೇ ಅಳತೆಗೂ ಇದರ ಅಳತೆಗೂ ತಾಳೆ ಹಾಕ್ಬೋದಾ?" ಅಂದರು.

ಹಾಕಬಹುದು ಸಾರ್ ಅಂದುಬಿಟ್ಟಿದ್ದರೆ ಅವರಿಗೆ ಸಮಾಧಾನವಾಗುತ್ತಿತ್ತು. "ಇಲ್ಲ ಸಾರ್. ಇದರ ಲೆಕ್ಕ ಬೇರೆ. ಇವತ್ತಿಂದ ಹೊಸದಾಗಿ ಶುರು," ಅಂದೆ. ತಲೆಯಾಡಿಸಿ ಗಲ್ಲ ಊರಿ ಉಸಿರು ಹಿಡಿದರು. ಈಗಲೂ ಅವರಷ್ಟು ಅಲುಗಾಡದೆ ಕೂರುವವರಿಲ್ಲ.

ಚಿತ್ರ ಬಂದ ಮೇಲೆ ಪರದೆಯನ್ನು ಅವರ ಕಡೆಗೆ ತಿರುಗಿಸಿದೆ. ತಪ್ಪು ಒಪ್ಪಿಕೊಂಡ ದಿನದಿಂದ ನಾನು ಅವರಿಗೆ ಗೆರೆ ತೋರಿಸದೆ ಪ್ರಿಂಟ್ ಕೊಟ್ಟಿಲ್ಲ. ಅವರು ಎಂದಿನಂತೆ ತೋರುಬೆರಳು ಚಾಚಿ ಗೆರೆಯ ಮೇಲೆ ಸುತ್ತು ಬರಲು ಹೊರಟರು. ಕೆಳಗಿನ ಅರ್ಧ ಸರಿಯಾಗಿ ಬಂತು. ಆಮೇಲೆ ಬೆರಳು ಮೇಲಕ್ಕೆ ಹೋಗದೆ, ನಡುವೆ ಅಡ್ಡ ಹಾದು, ಶುರುವಾದ ಕಡೆಗೇ ಬಂದು ನಿಂತಿತು.

"ಇಷ್ಟೇ ಅಲ್ವಾ?" ಅಂದರು.

"ಇನ್ನೂ ಐತೆ ಸಾರ್, ಮೇಲ್ಗಡೆ," ಅಂದು ನಾನು ಅವರ ಬೆರಳು ಹಿಡಿದು, ಮೆಲ್ಲಗೆ, ಉಳಿದ ಅರ್ಧದ ಮೇಲೆ ನಡೆಸಿದೆ.